ಕೊಳವೆಯೊಳಗಿನ ಸಂಸಾರ

1971ರ ಮಳೆಗಾಲದ ಒಂದು ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಕಲ್ಕತ್ತಾದ ಹೊರವಲಯದ ಸಾಲ್ಟ್‌ಲೇಕ್‌ನಲ್ಲಿ ದೊಡ್ಡ ದೊಡ್ಡ ಸಿಮೆಂಟ್ ಕೊಳವೆಗಳು ಸಾಲಾಗಿ ಬಿದ್ದಿವೆ. ಪ್ರತಿಯೊಂದು ಕೊಳವೆಯೊಳಗೂ ಒಂದು ಸಂಸಾರ. ಬಾಯಿಗೆ ಹರಕು ಬಟ್ಟೆಯ ಪರದೆ, ಒಳಗೆ ಮಗು, ಪಾತ್ರೆ, ಮುದುಕಿ. ನೋಡಿದವರು ಮರುಗುತ್ತಾರೆ. ಆದರೆ ಆ ಕೊಳವೆಗಳು ಅಲ್ಲಿ ಏಕಿದ್ದವು ಎಂದು ಕೇಳುವವರು ಕಡಿಮೆ. ಅವು ಚರಂಡಿಯ ಕೊಳವೆಗಳು. ನೆಲದಡಿ ಹೂತು ನೀರನ್ನು ಸಾಗಿಸಬೇಕಾಗಿದ್ದವು ಇನ್ನೂ ನೆಲದ ಮೇಲಿದ್ದವು. ಆದ್ದರಿಂದಲೇ ನೀರೂ ನೆಲದ ಮೇಲಿತ್ತು.

ಕಲ್ಕತ್ತಾದ ಭೂಮಿಯ ಸ್ವಭಾವ ತಿಳಿಯದೆ ಈ ಕಥೆ ಅರ್ಥವಾಗದು. ಹೂಗ್ಲಿ ನದಿಯ ದಡವೇ ಆ ನಗರದ ಎತ್ತರದ ಭಾಗ. ಇಳಿಜಾರು ಇರುವುದು ನದಿಯ ಕಡೆಗಲ್ಲ, ಅದಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ. ನಗರದ ಕೊಳೆಯೆಲ್ಲ ಬಹುಕಾಲ ಪೂರ್ವದ ಉಪ್ಪುಜೌಗಿನ ಕಡೆಗೇ ಹರಿದು ಬಿದ್ಯಾಧರಿ ನದಿಯನ್ನು ಸೇರುತ್ತಿತ್ತು. ಆ ನದಿಯೂ ಹೂಳು ತುಂಬಿ 1920ರ ದಶಕದ ಕೊನೆಗೆ ಸತ್ತಿತು. ಬಿಧಾನ್‌ಚಂದ್ರ ರಾಯ್ ಅವರ ಕನಸಿನ ಹೊಸ ನಗರಕ್ಕಾಗಿ 1962ರಲ್ಲಿ ಈ ಜೌಗಿನ ಒಂದು ಭಾಗಕ್ಕೆ ಹೂಗ್ಲಿಯ ಹೂಳನ್ನು ಪಂಪ್ ಮಾಡಿ ತುಂಬಲಾರಂಭಿಸಿದರು. 1971ರ ಹೊತ್ತಿಗೆ ನೆಲವೇನೋ ಸಿದ್ಧವಾಗಿತ್ತು, ಆದರೆ ನಗರ ಇನ್ನೂ ಬಂದಿರಲಿಲ್ಲ. ಬಂದವರು ನಿರಾಶ್ರಿತರು, ಆ ಒಂದು ಶಿಬಿರದಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಜನ.

ಇದನ್ನು ಅಧಿಕಾರಿಗಳ ಕ್ರೌರ್ಯವೆಂದು ಕರೆಯಲು ನಮಗೆ ಮನಸ್ಸಿಲ್ಲ. ಮಾರ್ಚ್ ಕೊನೆಯಿಂದ ಡಿಸೆಂಬರಿನವರೆಗೆ ಪೂರ್ವ ಪಾಕಿಸ್ತಾನದಿಂದ ಭಾರತಕ್ಕೆ ಬಂದವರು ಸರ್ಕಾರದ ಲೆಕ್ಕದಂತೆ ಸುಮಾರು 99 ಲಕ್ಷ. ಅವರಲ್ಲಿ ಬಹುಪಾಲು ಜನ ಪಶ್ಚಿಮ ಬಂಗಾಳಕ್ಕೇ ಬಂದರು. ಅಷ್ಟು ಜನರಿಗೆ ಕೂಡಲೇ ಕೊಡಬಹುದಾದದ್ದು ಖಾಲಿ ಜಾಗ ಮಾತ್ರ. ಆ ಒತ್ತೊತ್ತಾದ ನಾಡಿನಲ್ಲಿ ಒಂದು ಜಾಗ ಖಾಲಿ ಉಳಿದಿದೆಯೆಂದರೆ, ಅಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ ಎಂದೇ ಬಹುಮಟ್ಟಿಗೆ ಅರ್ಥ. ಇನ್ನೊಂದು ಕಾರಣವೂ ಇತ್ತು. ಪೂರ್ವ ಬಂಗಾಳದಿಂದ ಹಿಂದೆ ಬಂದವರಿಗೆ ಸರ್ಕಾರ ನೆಲ ಕೊಟ್ಟು ನೆಲೆ ನಿಲ್ಲಿಸಿತ್ತು. ನಮ್ಮ ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪುಗಳಲ್ಲಿ ಇಂದಿಗೂ ಬಂಗಾಳಿ ಕೇಳಿಸುತ್ತದೆ. 1971ರಲ್ಲಿ ಬಂದವರು ಮಾತ್ರ ಹಿಂದಿರುಗಲೇಬೇಕು ಎಂಬುದು ಆರಂಭದಿಂದಲೂ ದೆಹಲಿಯ ನಿಲುವು. ನಾಳೆ ಹೋಗುವವರಿಗೆ ಇಂದು ಯಾರು ಚರಂಡಿ ಕಟ್ಟಿಸುತ್ತಾರೆ?

ಶಿಬಿರದಲ್ಲಿ ನೀರಿನ ನಡೆ ಸರಳ, ನಿರ್ದಯ. ಡೇರೆಯ ಸುತ್ತ ಒಂದು ಗೇಣು ಆಳದ ಕಾಲುವೆ ತೋಡಿದರೆ ಚಾವಣಿಯಿಂದ ಇಳಿದ ನೀರು ಒಳಗೆ ಬಾರದು. ಆದರೆ ಆ ಕಾಲುವೆ ಎಲ್ಲಿಗಾದರೂ ಹೋಗಬೇಕಲ್ಲ. ಅದು ಪಕ್ಕದ ಡೇರೆಯ ಕಾಲುವೆಗೆ, ಅದು ಮುಂದಿನದಕ್ಕೆ, ಎಲ್ಲವೂ ಸೇರಿ ದೊಡ್ಡದೊಂದಕ್ಕೆ, ಅದು ಶಿಬಿರಕ್ಕಿಂತ ತಗ್ಗಾದ ಇನ್ನೊಂದು ಜಾಗಕ್ಕೆ ಹೋಗಬೇಕು. ಆ ಕೊನೆಯ ತಗ್ಗು ಇಲ್ಲದಿದ್ದರೆ ತೋಡಿದ್ದೆಲ್ಲ ಉದ್ದನೆಯ ಹೊಂಡವಾಗುತ್ತದೆ, ಅಷ್ಟೆ. ಗಂಗೆಯ ಮುಖಜಭೂಮಿಯಲ್ಲಿ ಮಳೆಗಾಲದ ಅಂತರ್ಜಲ ಕಾಲಡಿಯಲ್ಲೇ ಇರುತ್ತದೆ. ಶೌಚಕ್ಕೆಂದು ತೋಡಿದ ಗುಂಡಿ ಕೆಳಗಿನಿಂದಲೇ ತುಂಬಿ ಬರುತ್ತದೆ, ಮೇಲಿನಿಂದ ಮಳೆ. ಆಮೇಲೆ ಯಾವುದು ಕುಡಿಯುವ ನೀರು, ಯಾವುದು ಅಲ್ಲ ಎಂದು ಗೆರೆ ಎಳೆಯಲು ಬಾರದು.

ಜೂನ್ ಹೊತ್ತಿಗೆ ಕಾಲರಾ ಹಬ್ಬಿತು. ಆ ತಿಂಗಳ ಕೊನೆಯಲ್ಲಿ ಡಾ. ದಿಲೀಪ್ ಮಹಾಲನಬಿಸ್ ಗಡಿಯ ಬನಗಾಂವ್ ಆಸ್ಪತ್ರೆಗೆ ಬಂದರು. ಅಲ್ಲಿದ್ದದ್ದು ಎರಡು ಕೋಣೆ, ಹದಿನಾರು ಹಾಸಿಗೆ. ರೋಗಿಗಳು ನೆಲದ ಮೇಲೆ, ತಮ್ಮದೇ ವಾಂತಿ ಭೇದಿಯ ನಡುವೆ ಮಲಗಿದ್ದರು. ವೈದ್ಯರು ಅದರಲ್ಲೇ ಮೊಣಕಾಲೂರಿ ಸೂಜಿ ಚುಚ್ಚಬೇಕಿತ್ತು. ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಾಗ ಅವರು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡ ಬೆರೆಸಿ ಕುಡಿಸಿದರು. ಕುಡಿಸಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. ನೂರಕ್ಕೆ ಮೂವತ್ತರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಲೋಕಕ್ಕೆ ಆ ಮಳೆಗಾಲದ ದೊಡ್ಡ ಕೊಡುಗೆ ಇದು. 2023ರಲ್ಲಿ, ಅವರು ತೀರಿಕೊಂಡ ಮೇಲೆ, ಪದ್ಮವಿಭೂಷಣ ಬಂತು.

ಈ ಗೌರವದಲ್ಲಿ ನಮಗೆ ಎಳ್ಳಷ್ಟೂ ತಕರಾರಿಲ್ಲ. ಆದರೂ ಚರಿತ್ರೆಯ ನೆನಪು ಗುಣಪಡಿಸಿದ್ದನ್ನು ಹಿಡಿದಿಟ್ಟು, ರೋಗ ಹುಟ್ಟಿದ ಕೆಸರನ್ನು ಬಿಟ್ಟುಬಿಟ್ಟಿದೆ. ಉಪ್ಪು ಸಕ್ಕರೆಯ ನೀರು ಕುಡಿದು ಬದುಕಿದ ಮಗು ಮರಳಿ ಹೋದದ್ದು ಅದೇ ಡೇರೆಗೆ, ಅದೇ ನಿಂತ ನೀರಿಗೆ. ಸೆಪ್ಟೆಂಬರಿನಲ್ಲಿ ಕವಿ ಅಲೆನ್ ಗಿನ್ಸ್‌ಬರ್ಗ್ ಬನಗಾಂವ್ ಕಡೆಗೆ ಹೊರಟಾಗ ಜೆಸ್ಸೋರ್ ರಸ್ತೆಯೇ ಮುಳುಗಿತ್ತು. ಮುಂದಕ್ಕೆ ದೋಣಿಯಲ್ಲಿ ಹೋಗಬೇಕಾಯಿತು.

ಪರಿಹಾರ ಸಂಸ್ಥೆಗಳು ಸೇರಿ 1997ರಲ್ಲಿ ಆರಂಭಿಸಿದ ಸ್ಫಿಯರ್ ಯೋಜನೆಯ ಕೈಪಿಡಿಯಲ್ಲಿ ಇಂದು ಇದಕ್ಕೆಲ್ಲ ಅಳತೆಗಳಿವೆ. ಶಿಬಿರದ ನೆಲಕ್ಕೆ ಕನಿಷ್ಠ ಶೇಕಡಾ 1ರಷ್ಟು ಇಳಿಜಾರಿರಬೇಕು, 5ನ್ನು ಮೀರಬಾರದು. ಶೌಚದ ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರ್ ಮೇಲಿರಬೇಕು. ಸಾಲ್ಟ್‌ಲೇಕನ್ನು ಈ ಅಳತೆಗೋಲಿನಿಂದ ಅಳೆದರೆ ಅಲ್ಲಿ ಒಂದು ಡೇರೆಯನ್ನೂ ಹಾಕುವಂತಿರಲಿಲ್ಲ.

ಅಂದು ಓಡಿಬಂದವರ ನಾಡೇ 2017ರಲ್ಲಿ ಏಳು ಲಕ್ಷಕ್ಕೂ ಮಿಕ್ಕ ರೋಹಿಂಗ್ಯರಿಗೆ ಆಶ್ರಯ ಕೊಟ್ಟಿತು. ಕಾಕ್ಸ್ ಬಜಾರಿನ ಕುಟುಪಾಲಾಂಗ್‌ನಲ್ಲಿ ತೊಂದರೆ ತಿರುಗಾಮುರುಗಾ: ಇಳಿಜಾರು ಅತಿಯಾಯಿತು. ಸಡಿಲ ಮರಳುಮಣ್ಣಿನ ಗುಡ್ಡಗಳನ್ನು ಕಡಿದು ಮೆಟ್ಟಿಲು ಮಾಡಿ ಬಿದಿರಿನ ಗುಡಿಸಲು ಕಟ್ಟಿದರು. ಒಲೆಗಾಗಿ ಮರ ಹೋಯಿತು, ಬೇರೂ ಹೋಯಿತು. ಮುಂದಿನ ಮಳೆಗಾಲಕ್ಕೆ ಮುಂಚೆ ಕಾಲುವೆ ತೋಡಿದರು, ಮರಳಿನ ಚೀಲ ಪೇರಿಸಿದರು, ಬೋಳು ಗುಡ್ಡಗಳ ಮೇಲೆ ಲಾವಂಚ ನೆಟ್ಟರು. ನಮ್ಮ ಕಡೆ ಬೇಸಗೆಯ ತಂಪಿಗೆ ಬಳಸುವ ಆ ಬೇರು ಅಲ್ಲಿ ಮಣ್ಣನ್ನು ಹಿಡಿದುಕೊಳ್ಳಬೇಕಿತ್ತು. ಹಲವೆಡೆ ಹಿಡಿದುಕೊಂಡಿತು. 2021ರ ಜುಲೈ ಕೊನೆಯ ವಾರದ ಮಳೆಗೆ ಮತ್ತೆ ಕೆಲವು ಗುಡ್ಡಗಳು ಕುಸಿದವು. ಸತ್ತವರಲ್ಲಿ ಮಕ್ಕಳಿದ್ದರು. ಗುಡಿಸಲು ಕಳೆದುಕೊಂಡವರಿಗೆ ಬೇರೆ ಜಾಗ ಹುಡುಕಬೇಕಾಯಿತು. ಉಳಿದಿದ್ದ ಖಾಲಿ ಜಾಗ ಗುಡ್ಡಗಳ ನಡುವಿನ ತಗ್ಗಿನಲ್ಲಿತ್ತು.