ಉಪ್ಪಿನಬೆಟಗೇರಿಯಿಂದ ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಎಷ್ಟು ದೂರ?

ಚದುರಂಗದ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: 'ನಾನೂ ಗ್ರ್ಯಾಂಡ್‌ಮಾಸ್ಟರ್ ಆಗಬಹುದೇ?' ಮನಸ್ಸಿದ್ದರೆ ಆಗದ್ದೇನಿದೆ ಎಂದು ಕೆಲವರು ಬೆನ್ನು ತಟ್ಟುತ್ತಾರೆ. ಅದು ಹುಟ್ಟಿನಿಂದಲೇ ಬರಬೇಕು ಎಂದು ಇನ್ನು ಕೆಲವರು ಕೈಚೆಲ್ಲಿಸುತ್ತಾರೆ. ಇವರಾರೂ ಆ ಪದವಿಯ ಇತಿಹಾಸವನ್ನು ನೋಡಿದವರಲ್ಲ. ನಾವು ನೋಡೋಣ.

ನೀವು ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಶಾಲೆಯಲ್ಲಿ ನಿಮ್ಮನ್ನು ಸೋಲಿಸುವವರಿಲ್ಲ. ಆಟ ಕಲಿಸಿದ ಸೋದರಮಾವನನ್ನೂ ಸೋಲಿಸಿಯಾಯಿತು. ಮುಂದೇನು?

ಆಟವೇನೋ ನಮ್ಮ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ, ಅರಸನ ವಿನೋದಗಳ ನಡುವೆ ಚದುರಂಗದ ವರ್ಣನೆಯೂ ಇದೆ. ಏಳು ನೂರು ವರ್ಷಗಳ ಅನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಈ ಆಟದ ಲೆಕ್ಕಾಚಾರದಲ್ಲಿ ಮುಳುಗಿದ್ದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗ ಇಂಥ ಆಟಗಳಿಗೇ ಮೀಸಲು. ಕುದುರೆ ಒಂದು ಮನೆಯನ್ನೂ ಎರಡನೆಯ ಸಲ ತುಳಿಯದೆ 64 ಮನೆಗಳನ್ನೂ ಸುತ್ತಿ ಬರುವ ನಡೆಗಳನ್ನು ಅವರು ರಚಿಸಿದರು. ಗಣಿತ ಓದುವವರು ಒಂದು ಹಾಳೆಯ ಮೇಲೆ ಪ್ರಯತ್ನಿಸಿ ನೋಡಿ, ಸಂಜೆ ಕಳೆದದ್ದು ತಿಳಿಯುವುದಿಲ್ಲ.

ಹಾಗಿದ್ದರೆ ನಮ್ಮವರಿಗೆ ಪದವಿ ಸುಲಭವಾಗಿ ಬರಬೇಕಿತ್ತಲ್ಲವೇ? ಇಲ್ಲ. ಆಡುವುದು ಬೇರೆ, ಪದವಿ ಪಡೆಯುವುದು ಬೇರೆ. ಇದಕ್ಕೆ ಮೀರ್ ಸುಲ್ತಾನ್ ಖಾನನ ಬದುಕಿಗಿಂತ ಕಟುವಾದ ನಿದರ್ಶನ ನನಗೆ ತೋರುವುದಿಲ್ಲ. ಪಂಜಾಬಿನ ಒಂದು ಹಳ್ಳಿಯಲ್ಲಿ ಹುಟ್ಟಿದ ಈತ ಮೊದಲು ಕಲಿತದ್ದು ಕಾಲಾಳು ಒಂದೊಂದೇ ಮನೆ ನಡೆಯುವ ನಮ್ಮ ದೇಶೀ ಪದ್ಧತಿಯ ಆಟ. ಜಹಗೀರುದಾರ ಸರ್ ಉಮರ್ ಹಯಾತ್ ಖಾನ್ ತನ್ನ ಪರಿವಾರದೊಂದಿಗೆ ಅವನನ್ನು ಲಂಡನ್ನಿಗೆ ಕರೆದೊಯ್ದ. 1929, 1932, 1933 - ಮೂರು ಸಲ ಸುಲ್ತಾನ್ ಖಾನ್ ಬ್ರಿಟಿಷ್ ಚಾಂಪಿಯನ್ ಆದ. ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕನನ್ನೇ ಸೋಲಿಸಿದ. ಒಡೆಯ ಊರಿಗೆ ಹೊರಟಾಗ ಅವನೂ ಹೊರಟ. ಅಲ್ಲಿಗೆ ಅವನ ಅಂತರರಾಷ್ಟ್ರೀಯ ಆಟ ಮುಗಿಯಿತು.

ವಿಶ್ವ ಚದುರಂಗ ಸಂಸ್ಥೆ ಫಿಡೆ ಸ್ಥಾಪನೆಯಾದದ್ದು 1924ರಲ್ಲಿ. ಅದು ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಅಧಿಕೃತವಾಗಿ ಮೊದಲ ಬಾರಿಗೆ ನೀಡಿದ್ದು 1950ರಲ್ಲಿ, 27 ಜನರಿಗೆ. ಆಡುವುದನ್ನು ಎಂದೋ ನಿಲ್ಲಿಸಿದ್ದ ರೂಬಿನ್‌ಸ್ಟೈನ್‌ನಂಥವರೂ ಆ ಪಟ್ಟಿಯಲ್ಲಿದ್ದರು. ಸುಲ್ತಾನ್ ಖಾನ್ ಇರಲಿಲ್ಲ. ಆತ 1966ರಲ್ಲಿ ತೀರಿಕೊಂಡ. ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಅವನ ಹೆಸರಿಗೆ ಬಂದದ್ದು 2024ರಲ್ಲಿ!

ಇಂದು ಪದವಿ ಯಾರ ದಾಕ್ಷಿಣ್ಯಕ್ಕೂ ಬಿಟ್ಟದ್ದಲ್ಲ, ಅಂಕಿಗಳು ನಿರ್ಧರಿಸುತ್ತವೆ. ಎರಡು ಷರತ್ತುಗಳಿವೆ. ಒಂದು, ನಿಮ್ಮ ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು. ಇನ್ನೊಂದು, 'ನಾರ್ಮ್' ಎಂಬ ಸಾಧನೆಗಳನ್ನು ಒಟ್ಟು 27 ಆಟಗಳಷ್ಟು ಗಳಿಸಬೇಕು. ಸಾಮಾನ್ಯವಾಗಿ ಒಂಬತ್ತು ಸುತ್ತಿನ ಮೂರು ಪಂದ್ಯಾವಳಿಗಳು. ಪ್ರತಿಯೊಂದರಲ್ಲೂ 2600ರ ಮಟ್ಟದ ಆಟ ಆಡಬೇಕು, ಎದುರಾಳಿಗಳಲ್ಲಿ ಮೂರನೆಯ ಒಂದು ಭಾಗದಷ್ಟಾದರೂ ಗ್ರ್ಯಾಂಡ್‌ಮಾಸ್ಟರುಗಳಿರಬೇಕು, ಹೊರದೇಶದವರೂ ಇರಬೇಕು. ಅಪವಾದಗಳೂ ಉಂಟು. 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದ ನಾಗಪುರದ ದಿವ್ಯಾ ದೇಶಮುಖ್‌ಗೆ ಆ ಗೆಲುವಿನಿಂದಲೇ ಪದವಿ ಬಂತು.

ರೇಟಿಂಗ್ ಎಂದರೇನು? ಇದನ್ನು ರೂಪಿಸಿದವರು ಅಮೆರಿಕದಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಪ್ರೊಫೆಸರ್ ಆರ್ಪಾಡ್ ಎಲೋ. ಫಿಡೆ 1970ರಲ್ಲಿ ಇದನ್ನು ಒಪ್ಪಿಕೊಂಡಿತು. ನಾನು ವಿಜ್ಞಾನ ಓದಿದವನು, ಲೆಕ್ಕ ತೋರಿಸದೆ ಮುಂದೆ ಹೋಗಲು ಮನಸ್ಸು ಬಾರದು. ಇಬ್ಬರು ಆಟಗಾರರ ನಡುವೆ 400 ಅಂಕಗಳ ಅಂತರವಿದ್ದರೆ, ಮೇಲಿನವರು ನೂರಕ್ಕೆ 92ರಷ್ಟು ಫಲ ಪಡೆಯಬೇಕೆಂದು ಈ ಪದ್ಧತಿ ನಿರೀಕ್ಷಿಸುತ್ತದೆ. ಅವರು ಗೆದ್ದರೆ ನಿರೀಕ್ಷೆಗಿಂತ ಹೆಚ್ಚು ದೊರೆತದ್ದು 0.08 ಮಾತ್ರ. ಅದನ್ನು 20 ಎಂಬ ಗುಣಕದಿಂದ ಗುಣಿಸಿ: 1.6 ಅಂಕ. ಡ್ರಾ ಆದರೆ 8.4 ಅಂಕ ನಷ್ಟ, ಸೋತರೆ 18.4.

ಈಗ ನಮ್ಮ ಊರಿಗೆ ಬನ್ನಿ. ನಿಮ್ಮ ರೇಟಿಂಗ್ 2000 ಮುಟ್ಟಿದೆ, ಸುತ್ತಮುತ್ತ ಆಡುವವರೆಲ್ಲ 1600ರ ಆಸುಪಾಸಿನವರು ಎನ್ನೋಣ. ಅವರೊಡನೆಯೇ ಆಡಿ 2400 ಮುಟ್ಟಬೇಕಾದರೆ ಒಂದು ಡ್ರಾ ಸಹ ಇಲ್ಲದೆ 250 ಆಟ ಗೆಲ್ಲಬೇಕು. (400ಕ್ಕಿಂತ ಹೆಚ್ಚಿನ ಅಂತರವನ್ನೂ 400 ಎಂದೇ ಎಣಿಸುವ ರಿಯಾಯಿತಿ ಸೇರಿಸಿ ಹೇಳುತ್ತಿದ್ದೇನೆ.) 2400 ದಾಟಿದ ಮೇಲೆ ಗುಣಕ 10ಕ್ಕೆ ಇಳಿಯುತ್ತದೆ, ಇನ್ನು ನೂರು ಅಂಕಕ್ಕೆ ಮತ್ತೆ 125 ಗೆಲುವು. ಅಂದರೆ ನೀವು ಎಷ್ಟೇ ಬುದ್ಧಿವಂತರಾದರೂ, ನಿಮಗಿಂತ ಬಲವಾದವರು ಎದುರಿಗೆ ಕೂರದಿದ್ದರೆ ಮೇಲೇರುವ ದಾರಿಯಿಲ್ಲ. ಹಳ್ಳಿಯ ಹುಡುಗ ಹುಡುಗಿಯರಿಗಿರುವ ನಿಜವಾದ ಅಡ್ಡಿ ಇದು. ಬುದ್ಧಿಯ ಕೊರತೆಯೆಂದು ಹೇಳುವುದು ಅನ್ಯಾಯ.

ವಿಶ್ವನಾಥನ್ ಆನಂದ್ ಅವರ ಬಾಲ್ಯವನ್ನು ಈ ದೃಷ್ಟಿಯಿಂದ ನೋಡಿ. ಆಟ ಕಲಿಸಿದವರು ತಾಯಿ ಸುಶೀಲಾ. ಮದರಾಸಿನಲ್ಲಿ ಸೋವಿಯತ್ ಸಾಂಸ್ಕೃತಿಕ ಕೇಂದ್ರದ ಟಾಲ್ ಚೆಸ್ ಕ್ಲಬ್ ಇತ್ತು. ಅದನ್ನು ಕಟ್ಟಿದವರು 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಮ್ಯಾನುಯೆಲ್ ಆರನ್. ರೈಲ್ವೆಯಲ್ಲಿದ್ದ ತಂದೆಯ ಕೆಲಸದ ನಿಮಿತ್ತ ಕುಟುಂಬ ಕೆಲಕಾಲ ಮನಿಲಾದಲ್ಲಿತ್ತು. ಅಲ್ಲಿನ ದೂರದರ್ಶನದಲ್ಲಿ ಮಧ್ಯಾಹ್ನ ಚದುರಂಗದ ಸಮಸ್ಯೆಯೊಂದನ್ನು ಕೊಡುತ್ತಿದ್ದರು. ಮಗ ಶಾಲೆಯಲ್ಲಿರುವಾಗ ತಾಯಿ ಅದನ್ನು ಬರೆದಿಟ್ಟುಕೊಳ್ಳುವರು. ಸಂಜೆ ಇಬ್ಬರೂ ಬಿಡಿಸಿ ಉತ್ತರ ಕಳಿಸುವರು. ಬಹುಮಾನದ ಪುಸ್ತಕಗಳನ್ನು ಹುಡುಗ ಎಷ್ಟು ಗೆದ್ದನೆಂದರೆ, ಬೇಕಾದಷ್ಟು ಪುಸ್ತಕ ಒಯ್ಯಿ, ಇನ್ನು ಉತ್ತರ ಮಾತ್ರ ಕಳಿಸಬೇಡ ಎಂದು ಕಾರ್ಯಕ್ರಮದವರೇ ಹೇಳಬೇಕಾಯಿತಂತೆ. (ನಮ್ಮ ವೃತ್ತಿಯವರು ಹೆಮ್ಮೆಪಡಬಹುದಾದ ಅಪರೂಪದ ಸಂಗತಿ!) 1987ರಲ್ಲಿ ಅದೇ ಫಿಲಿಪ್ಪೀನ್ಸ್‌ನ ಬಾಗಿಯೊದಲ್ಲಿ ಆನಂದ್ ವಿಶ್ವ ಜೂನಿಯರ್ ಚಾಂಪಿಯನ್ ಆದರು, 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್.

ಕರ್ನಾಟಕಕ್ಕೆ ಆ ದಿನ ಬರಲು ಇನ್ನೂ 29 ವರ್ಷ ಹಿಡಿಯಿತು. 2017ರಲ್ಲಿ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ನಮ್ಮ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ದೇಶದಲ್ಲಿ ಅವರು ಐವತ್ತನೆಯವರು. ಆಗ ಅವರಿಗೆ ಮೂವತ್ತು ದಾಟಿತ್ತು. ರೈಲ್ವೆ ನೌಕರಿ ಮಾಡುತ್ತಲೇ ಆಡಿದವರು ಅವರು. ಹನ್ನೆರಡು ವರ್ಷ ಏಳು ತಿಂಗಳಿಗೆ ಪದವಿ ಪಡೆದು, 2024ರ ಡಿಸೆಂಬರಿನಲ್ಲಿ ವಿಶ್ವ ಚಾಂಪಿಯನ್ ಆದ ಚೆನ್ನೈನ ಗುಕೇಶ್‌ರ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ತೇಜ್‌ಕುಮಾರ್ ಅವರ ಕತೆ ನಿಮಗೆ ಹೆಚ್ಚು ಹತ್ತಿರದ್ದೆನಿಸುತ್ತದೆ. ಮೊದಲ ಬಾಗಿಲು ತೆರೆದ ಮೇಲೆ ಶಿವಮೊಗ್ಗದ ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್ ಬಂದರು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ 15ನೆಯ ವಯಸ್ಸಿಗೇ ಪದವಿ ಮುಟ್ಟಿದರು. ಶಿವಮೊಗ್ಗದವರೇ ಆದ ಕಿಶನ್ ಗಂಗೊಳ್ಳಿ ಅವರನ್ನೂ ನೆನೆಯಬೇಕು. ದೃಷ್ಟಿದೋಷವುಳ್ಳ ಈ ಆಟಗಾರ 2018ರ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ ಚಿನ್ನ ಗೆದ್ದರು.

ಇವುಗಳಲ್ಲಿ ಯಾವುದೂ ಉಪ್ಪಿನಬೆಟಗೇರಿಯಂಥ ಹಳ್ಳಿಯ ಹೆಸರಲ್ಲ ಎಂಬುದನ್ನು ನೀವು ಗಮನಿಸಿರಬೇಕು. ಆದರೆ ಒಂದು ಬದಲಾವಣೆಯಾಗಿದೆ. ಮೊಬೈಲಿನಲ್ಲಿ ಇಂದು ಯಾವ ದೇಶದ ಬಲಿಷ್ಠ ಆಟಗಾರನೊಡನೆಯೂ ರಾತ್ರಿ ಕುಳಿತು ಆಡಬಹುದು. ತಪ್ಪು ನಡೆಯನ್ನು ಕಂಪ್ಯೂಟರು ಅರೆಕ್ಷಣದಲ್ಲಿ ತೋರಿಸುತ್ತದೆ. ಆನಂದ್ ಅವರ ತಾಯಿ ಕೈಯಲ್ಲಿ ಬರೆದಿಡುತ್ತಿದ್ದಂಥ ಸಮಸ್ಯೆಗಳು ಸಾವಿರಗಟ್ಟಲೆ ಪುಕ್ಕಟೆ ಸಿಗುತ್ತವೆ. ಕಲಿಕೆ ಮನೆಗೆ ಬಂದಿದೆ. ಪದವಿಯ ಲೆಕ್ಕಕ್ಕೆ ಸೇರುವ ಆಟವನ್ನು ಮಾತ್ರ ಈಗಲೂ ಎದುರುಬದುರು ಕುಳಿತೇ ಆಡಬೇಕು. ಅದಕ್ಕೆ ಬಸ್ಸು, ರೈಲು, ಪ್ರವೇಶ ಶುಲ್ಕ, ವಸತಿ, ಜೊತೆಗೆ ಬರುವ ಅಪ್ಪನ ನಾಲ್ಕೈದು ದಿನದ ದುಡಿಮೆ ಎಲ್ಲವೂ ಬೇಕು. ಈ ಖರ್ಚನ್ನು ಯಾರು ಹೊರಬೇಕೆಂಬುದನ್ನು ಶಾಲೆಗಳೂ ಸರ್ಕಾರವೂ ಯೋಚಿಸಬೇಕು. ಒಂದು ಮನೆಯ ಹೆಗಲಿಗೆ ಅದು ಭಾರ.

ಹಾಗಾದರೆ ಎಲ್ಲಿಂದ ತೊಡಗುವುದು? ಜಿಲ್ಲಾ ಚದುರಂಗ ಸಂಸ್ಥೆಯಲ್ಲಿ ವಿಚಾರಿಸಿ, ಫಿಡೆ ರೇಟಿಂಗ್ ಇರುವ ಪಂದ್ಯಾವಳಿ ಸಮೀಪದಲ್ಲಿ ಯಾವಾಗ, ಎಲ್ಲಿ ಎಂದು ತಿಳಿಯಿರಿ. ರೇಟಿಂಗ್ ಉಳ್ಳ ಐವರೊಡನೆಯಾದರೂ ಆಡಿದ ಮೇಲೆ ನಿಮಗೊಂದು ಅಂಕಿ ಬರುತ್ತದೆ. 2024ರಿಂದ ಅದರ ಕನಿಷ್ಠ ಮಿತಿ 1400. ನಾನು ಮೇಲೆ 20 ಎಂದ ಗುಣಕ ಕಿರಿಯರಿಗೆ 40. ಹದಿನೆಂಟು ತುಂಬುವ ವರ್ಷದ ಕೊನೆಯವರೆಗೆ, ರೇಟಿಂಗ್ 2300 ಮುಟ್ಟದಿರುವಷ್ಟು ಕಾಲ, ಪ್ರತಿ ಗೆಲುವಿಗೂ ಇಮ್ಮಡಿ ಅಂಕ, ಸೋಲಿಗೂ ಹಾಗೆಯೇ. ನಿಮಗೀಗ ಹದಿನಾಲ್ಕಾಗಿದ್ದರೆ, ಆ 40 ಇನ್ನೂ ನಾಲ್ಕು ವರ್ಷ ನಿಮ್ಮ ಬಳಿ ಇರುತ್ತದೆ.