ಜಂಬೂ ಎಂದರೆ ನೇರಳೆ

ಮುಂಗಾರು ಹಿಡಿದ ಮೇಲೆ ನಮ್ಮ ಊರುಗಳ ಹಳೆಯ ಸಾಲುಮರಗಳ ಕೆಳಗೆ ನಡೆಯುವವರು ನೇರಳೆಯ ಮರವನ್ನು ಗುರುತಿಸಲು ತಲೆಯೆತ್ತಬೇಕಾಗಿಲ್ಲ. ನೆಲವೇ ಅದನ್ನು ಹೇಳುತ್ತದೆ. ಉದುರಿ ಒಡೆದ ಹಣ್ಣಿನ ಕಲೆ ಒಂದೆರಡು ಮಳೆಗೆ ಹೋಗುವಂಥದಲ್ಲ. ಮಾವಿಗಿರುವ ಮರ್ಯಾದೆ ಈ ಹಣ್ಣಿಗಿಲ್ಲ. ಯಾರೂ ಇದನ್ನು ಬುಟ್ಟಿಯಲ್ಲಿ ಒಪ್ಪವಾಗಿ ಜೋಡಿಸಿ ಬೀಗರ ಮನೆಗೆ ಕಳಿಸುವುದಿಲ್ಲ. ಉಪ್ಪು ಸವರಿಸಿಕೊಂಡು, ಕಾಗದದ ಪೊಟ್ಟಣದಲ್ಲಿ ಕೊಂಡು, ನಿಂತಲ್ಲೇ ತಿಂದು ಮುಗಿಸುತ್ತೇವೆ. ಆದರೂ ಒಂದು ಇಡೀ ಭೂಭಾಗಕ್ಕೆ ತನ್ನ ಹೆಸರನ್ನು ಕೊಟ್ಟ ಹಣ್ಣು ಮಾವಲ್ಲ, ಬಾಳೆಯಲ್ಲ, ಈ ನೇರಳೆ. ಕೇಳುಗರೇ, ಈ ಹೊತ್ತಿನ ನನ್ನ ಮಾತು ಹಣ್ಣಿನ ರುಚಿಯನ್ನು ಕುರಿತದ್ದಲ್ಲ, ಅದರ ಹೆಸರನ್ನು ಕುರಿತದ್ದು.

ಪೂಜೆಗೆ ಮೊದಲು ಸಂಕಲ್ಪ ಹೇಳುವಾಗ ಪುರೋಹಿತರು ಕಾಲವನ್ನೂ ದೇಶವನ್ನೂ ಹೆಸರಿಸುತ್ತಾರೆ. ಅಲ್ಲಿ ದೇಶವನ್ನು ಹೇಳುವಾಗ ಜಂಬೂದ್ವೀಪವೆಂಬ ಮಾತು ಬರುತ್ತದೆ. ದಿನವೂ ಕಿವಿಗೆ ಬಿದ್ದು ಸವೆದುಹೋದ ಮಾತು ಅದು. ಜಂಬೂ ಎಂದರೆ ನೇರಳೆ. ಜಂಬೂದ್ವೀಪವೆಂದರೆ ನೇರಳೆಯ ದ್ವೀಪ. ಇದು ಪುರಾಣದ ಕಲ್ಪನೆ ಮಾತ್ರವೆಂದು ತಳ್ಳಿಹಾಕುವವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ಬರಬೇಕು. ಬಿ. ಎಲ್. ರೈಸ್ ಅವರು 1892ರಲ್ಲಿ ಅಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ ‘ಜಂಬುದೀಪ’ ಎಂಬ ಪ್ರಾಕೃತ ರೂಪವಿದೆ. ಅದುವರೆಗೆ ಬೆರೆಯದೆ ಇದ್ದ ಮನುಷ್ಯರು ತನ್ನ ಪ್ರಯತ್ನದಿಂದಾಗಿ ಜಂಬೂದ್ವೀಪದಲ್ಲಿ ದೇವತೆಗಳೊಡನೆ ಬೆರೆತರೆಂಬುದು ಅಲ್ಲಿನ ಮಾತಿನ ಭಾವ. 1915ರಲ್ಲಿ ದೊರೆತ ಮಸ್ಕಿಯ ಶಾಸನದಲ್ಲಿಯೂ ಈ ಹೆಸರು ಬರುತ್ತದೆ. ಮಸ್ಕಿಯನ್ನು ನಾವು ಅಶೋಕನೆಂಬ ಅರಸನ ಹೆಸರಿಗಾಗಿ ನೆನೆಯುತ್ತೇವೆ; ಅದೇ ಬಂಡೆಯ ಮೇಲೆ ಅವನ ನಾಡಿನ ಹೆಸರೂ ಇದೆಯೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ.

ಇವು ಕ್ರಿಸ್ತಪೂರ್ವ ಮೂರನೆಯ ಶತಮಾನದ ಬರಹಗಳು. ಹಲ್ಮಿಡಿಯ ಕನ್ನಡ ಶಾಸನಕ್ಕಿಂತ ಸುಮಾರು 700 ವರ್ಷ ಹಿಂದಿನವು. ಎಂದರೆ ಕನ್ನಡವನ್ನು ಕಲ್ಲಿನ ಮೇಲೆ ಬರೆಯುವುದಕ್ಕೆ ಬಹು ಮೊದಲೇ ಈ ನೆಲದ ಬಂಡೆಗಳ ಮೇಲೆ ನೇರಳೆಯ ಹೆಸರು ಬಿದ್ದಿತ್ತು. ಬ್ರಹ್ಮಗಿರಿಯ ಶಾಸನವನ್ನು ಬರೆದ ಲಿಪಿಕಾರ ಚಪಡ ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಅಕ್ಷರ ಕಲಿತಿದ್ದ ಮನುಷ್ಯ ಇಲ್ಲಿನ ಬಂಡೆಯ ಮುಂದೆ ಕುಳಿತು ‘ಜಂಬುದೀಪ’ ಎಂದು ಬರೆಯುವಾಗ ಅವನ ಮನಸ್ಸಿನಲ್ಲಿ ಹಣ್ಣು ಇತ್ತೋ ನಾಡು ಇತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು.

ಅಶೋಕನಿಗೆ ಜಂಬೂದ್ವೀಪವೆಂದರೆ ತನ್ನ ಆಳ್ವಿಕೆಯ ನಾಡು. ಪುರಾಣಕಾರರಿಗೆ ಅದು ಏಳು ದ್ವೀಪಗಳ ನಡುವಿನದು. ಅದರಲ್ಲಿ ಭಾರತವರ್ಷ ಒಂದು ಪಾಲು ಮಾತ್ರ. ಜೈನರ ಲೋಕವರ್ಣನೆಯಲ್ಲಿ ಅದರ ವ್ಯಾಸ ಒಂದು ಲಕ್ಷ ಯೋಜನ. ಸಿಂಹಳದ ಮಹಾವಂಶದಲ್ಲಿ ಮಹೇಂದ್ರನು ಅಲ್ಲಿನ ಅರಸನಿಗೆ ತಾವು ಜಂಬೂದ್ವೀಪದಿಂದ ಬಂದವರೆಂದು ಹೇಳುತ್ತಾನೆ. ಅಲ್ಲಿ ಅದು ಕಡಲಾಚೆಯ ನಮ್ಮ ದೇಶ. ಬೌದ್ಧಧರ್ಮದೊಡನೆ ಟಿಬೆಟ್ಟಿಗೆ ಹೋಗಿ ಜಂಬುಲಿಂಗ್ ಆಯಿತು. ಜಪಾನಿನಲ್ಲಿ ಎನ್‌ಬುದಾಯ್ ಎಂದು ಉಚ್ಚಾರ ಕೆಟ್ಟು ಮನುಷ್ಯಲೋಕಕ್ಕೇ ಹೆಸರಾಯಿತು. ಹಿಮದ ನಾಡಿನಲ್ಲಿ ಕುಳಿತು ಆ ಹೆಸರನ್ನು ಜಪಿಸಿದ ಭಿಕ್ಷುಗಳಲ್ಲಿ ಎಷ್ಟು ಮಂದಿ ನೇರಳೆಯ ಹಣ್ಣನ್ನು ಕಂಡಿದ್ದರು!

ವಿಷ್ಣುಪುರಾಣದ ಕಲ್ಪನೆ ಇನ್ನೂ ಸೊಗಸಾದದ್ದು. ಮೇರುವಿನ ಪಕ್ಕದ ಗಂಧಮಾದನ ಪರ್ವತದ ಮೇಲಿನ ಮಹಾವೃಕ್ಷದಲ್ಲಿ ಆನೆಯ ಗಾತ್ರದ ಜಂಬೂಫಲಗಳು ಹಣ್ಣಾಗಿ ಬೆಟ್ಟದ ಮೇಲೆ ಬಿದ್ದು ಒಡೆಯುತ್ತವೆ. ಆ ರಸವೇ ಜಂಬೂನದಿಯಾಗಿ ಹರಿಯುತ್ತದೆ. ರಸ ಸೋಕಿದ ದಡದ ಮಣ್ಣು ಗಾಳಿಗೆ ಒಣಗಿ ಚಿನ್ನವಾಗುತ್ತದೆ. ಆದ್ದರಿಂದಲೇ ಬಂಗಾರಕ್ಕೆ ಜಾಂಬೂನದವೆಂಬ ಹೆಸರು. ನಮ್ಮ ಹಳೆಯ ಕವಿಗಳಿಗೆ ಈ ಪದ ಸುಪರಿಚಿತ. ಕಪ್ಪು ಹಣ್ಣಿನ ಹೆಸರಿನಿಂದ ಹೊಳೆಯುವ ಹೊನ್ನಿಗೆ ಹೆಸರು ಬಂದದ್ದನ್ನು ಕಂಡರೆ, ಆ ಕಥೆ ಕಟ್ಟಿದವನು ಮರದಡಿಯ ಕಲೆಗಟ್ಟಿದ ಮಣ್ಣನ್ನು ಚೆನ್ನಾಗಿ ನೋಡಿದ್ದವನೇ ಸರಿ.

ಇಲ್ಲಿಗೆ ಒಂದು ತೊಡಕು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ನಮ್ಮ ಪ್ರಾಚೀನ ಗ್ರಂಥಗಳನ್ನು ಓದಿದವರು ಜಂಬೂದ್ವೀಪವನ್ನು ‘ರೋಸ್ ಆ್ಯಪಲ್’ ಹಣ್ಣಿನ ದ್ವೀಪವೆಂದು ಅನುವಾದಿಸಿರುವುದನ್ನು ಕಂಡಿರುತ್ತಾರೆ. ಬಾಲಕ ಸಿದ್ಧಾರ್ಥನು ಮೊದಲ ಧ್ಯಾನವನ್ನು ಅನುಭವಿಸಿದ್ದು ಜಂಬೂವೃಕ್ಷದ ನೆರಳಿನಲ್ಲಿ. ಇಂಗ್ಲಿಷಿನಲ್ಲಿ ಅದೂ ‘ರೋಸ್ ಆ್ಯಪಲ್’ ಮರ. 1899ರ ಮೋನಿಯರ್ ವಿಲಿಯಮ್ಸ್ ನಿಘಂಟಿನಲ್ಲಿ ಈ ಇಂಗ್ಲಿಷ್ ಹೆಸರಿನ ಪಕ್ಕದಲ್ಲಿಯೇ ನೇರಳೆಯ ಶಾಸ್ತ್ರೀಯ ಹೆಸರಿದೆ. ಓದುವವರು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟರು. ‘ರೋಸ್ ಆ್ಯಪಲ್’ ಎಂದರೆ ನಾವು ಪನ್ನೇರಳೆ ಎನ್ನುವ ಹಣ್ಣು. ತಿಳಿಹಳದಿಯ ಬಣ್ಣ, ಪನ್ನೀರಿನ ಕಂಪು, ಒಳಗೆ ಟೊಳ್ಳು. ಅದು ನೇರಳೆಯ ದಾಯಾದಿ, ನೇರಳೆಯಲ್ಲ. ಅದರ ಮೂಲ ಆಗ್ನೇಯ ಏಷ್ಯದ ಕಡೆಯದೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ.

ಪ್ರಾಚೀನರ ಜಂಬೂ ಯಾವುದೆಂದು ನಿರ್ಣಯಿಸಲು ಕಾಳಿದಾಸನೊಬ್ಬನ ಸಾಕ್ಷ್ಯ ಸಾಕು. ಮೇಘದೂತದ ಮೋಡ ಆಷಾಢದಲ್ಲಿ ಹೊರಟು ದಶಾರ್ಣ ದೇಶವನ್ನು ಸಮೀಪಿಸುವಾಗ ಅಲ್ಲಿನ ಕಾಡಂಚುಗಳು ಕಳಿತ ಜಂಬೂಫಲಗಳಿಂದ ಕಪ್ಪಾಗಿ ಕಾಣುತ್ತವೆ. ಕಾಲವೂ ನೇರಳೆಯದು, ಬಣ್ಣವೂ ನೇರಳೆಯದು. ಪನ್ನೇರಳೆಯ ತೋಪು ಎಷ್ಟೇ ಹಣ್ಣಾದರೂ ಕಾಡನ್ನು ಕಪ್ಪಾಗಿಸದು. ಜೈನರ ಲೇಶ್ಯಾವೃಕ್ಷದ ಕಥೆಯನ್ನೂ ನೆನೆಯಬಹುದು. ಹಸಿದ ಆರು ಜನ ಜಂಬೂವೃಕ್ಷವನ್ನು ಕಾಣುತ್ತಾರೆ. ಒಬ್ಬ ಬುಡಸಮೇತ ಕಡಿಯೋಣವೆನ್ನುತ್ತಾನೆ, ಇನ್ನೊಬ್ಬ ದೊಡ್ಡ ಕೊಂಬೆಯನ್ನು, ಮತ್ತೊಬ್ಬ ರೆಂಬೆಯನ್ನು, ನಾಲ್ಕನೆಯವ ಗೊಂಚಲನ್ನು. ಐದನೆಯವನಿಗೆ ಬಿಡಿ ಹಣ್ಣು ಕಿತ್ತರೆ ಸಾಕು. ಆರನೆಯವನು ನೆಲಕ್ಕೆ ಬಿದ್ದದ್ದೇ ನಮ್ಮ ಹಸಿವಿಗೆ ಆದೀತು ಎನ್ನುತ್ತಾನೆ. ಶ್ರವಣಬೆಳಗೊಳದ ಮಠದ ಗೋಡೆಯ ವರ್ಣಚಿತ್ರಗಳಲ್ಲಿ ಈ ಮರವಿದೆ. ಆತ್ಮದ ಆರು ಬಣ್ಣಗಳನ್ನು ಹೇಳಲು ಮರ ಬೇಕಾದಾಗ ತಾನಾಗಿ ಹಣ್ಣುದುರಿಸಿ ನೆಲ ತುಂಬುವ ನೇರಳೆಯನ್ನು ಆರಿಸಿದ್ದು ಎಷ್ಟು ಉಚಿತ!

ಹೆಸರು ಹೀಗೆ ಜಾರಿದ್ದು ಇಂಗ್ಲಿಷರ ಕೈಯಲ್ಲಿ ಮಾತ್ರವಲ್ಲ. ಪೂರ್ವದ ಕಡಲನ್ನು ದಾಟಿದ ಜಂಬು ಶಬ್ದ ಮಲಯ ಭಾಷೆಯಲ್ಲಿ ನೀರುಸೇಬಿಗೆ ಅಂಟಿಕೊಂಡಿತು. ಆಮೇಲೆ ಅಮೆರಿಕದಿಂದ ಸೀಬೆಯೂ ಗೋಡಂಬಿಯೂ ಬಂದಾಗ ಅವೂ ಜಂಬುಗಳೇ ಆದವು. ಥಾಯ್ ಭಾಷೆಯಲ್ಲಿ ಚೊಂಪೂ ಎಂದರೆ ಗುಲಾಬಿ ಬಣ್ಣ, ಏಕೆಂದರೆ ಅಲ್ಲಿ ಆ ಹೆಸರಿನ ಹಣ್ಣಿನ ಬಣ್ಣ ಅದು. ಇತ್ತ ಮರಾಠಿಯಲ್ಲಿ ನೇರಳೆ ಜಾಂಭೂಳ; ಅದರಿಂದ ಬಂದ ಜಾಂಭಳಾ ಎಂದರೆ ಊದಾ ಬಣ್ಣ. ಒಂದೇ ಶಬ್ದ ಕೊಂಕಣದಲ್ಲಿ ಊದಾ, ಬ್ಯಾಂಕಾಕಿನಲ್ಲಿ ಗುಲಾಬಿ!

ಸಸ್ಯಶಾಸ್ತ್ರದಲ್ಲಿಯೂ ನೇರಳೆಗೆ ನ್ಯಾಯ ದೊರೆಯಲಿಲ್ಲ. 1753ರಲ್ಲಿ ಲಿನೇಯಸ್ ‘ಜಂಬೋಸ್’ ಎಂಬ ಹೆಸರನ್ನು ಪನ್ನೇರಳೆಗೆ ಕೊಟ್ಟ. 1789ರಲ್ಲಿ ಲಮಾರ್ಕ್ ನೇರಳೆಯನ್ನು ‘ಜಂಬೊಲಾನ’ ಎಂದು ಕರೆದದ್ದರಿಂದ ಸ್ವಲ್ಪ ಸಮಾಧಾನವಾಗಿತ್ತು. ಆದರೆ ಲಿನೇಯಸ್ ಅದೇ 1753ರಲ್ಲಿ ನೇರಳೆಗೆ ‘ಕ್ಯುಮಿನಿ’ ಎಂಬ ಬೇರೊಂದು ಹೆಸರಿಟ್ಟಿದ್ದ. ಹಳೆಯ ಹೆಸರಿಗೇ ಮನ್ನಣೆಯೆಂಬ ನಿಯಮದಂತೆ 1912ರಲ್ಲಿ ಅದು ಸಿಜಿಜಿಯಮ್ ಕ್ಯುಮಿನಿ ಆಯಿತು. ನಿಯಮ ನಿಯಮವೇ. ಆದರೂ ಜಂಬೂದ್ವೀಪದ ಜಂಬೂವಿನಿಂದ ಜಂಬೂ ಶಬ್ದವನ್ನು ಕಿತ್ತು ಪಕ್ಕದ ಮರಕ್ಕೆ ಕಟ್ಟಿದಂತಾಯಿತಲ್ಲ ಎಂದು ನನಗೆ ಖೇದವಿದೆ.

ಕನ್ನಡ ಮಾಡಿದ್ದು ಇದಕ್ಕೆ ವಿರುದ್ಧವಾದುದು. ನಾವು ಹಣ್ಣನ್ನು ನಮ್ಮದೇ ಹೆಸರಿನಿಂದ ಕರೆದೆವು. ನೇರಳೆ, ನೇರಲು, ನೇರಿಲ ಎಂದು ರೂಪಭೇದಗಳುಂಟು. ತೆಲುಗಿನ ನೇರೇಡು ಇದರ ಒಡಹುಟ್ಟು. ತಮಿಳಿನಲ್ಲಿ ನಾವಲ್, ಮಲಯಾಳದಲ್ಲಿ ಞಾವಲ್. ತಮಿಳರು ಇನ್ನೂ ಒಂದು ಹೆಜ್ಜೆ ಹೋಗಿ ಜಂಬೂದ್ವೀಪವನ್ನೇ ನಾವಲಂತೀವು ಎಂದು ತಮ್ಮ ನುಡಿಗೆ ತಿರುಗಿಸಿಕೊಂಡರು. ನಾವು ನೇರಳೆದೀವಿ ಎನ್ನಲಿಲ್ಲ, ಎಂದಿದ್ದರೆ ಚೆನ್ನಾಗಿರುತ್ತಿತ್ತು. ಅವ್ವೈಯಾರಳ ಕಥೆಯೂ ತಮಿಳರದೇ. ದಣಿದು ನಾವಲ್ ಮರದಡಿ ನಿಂತ ಮುದುಕಿಯನ್ನು ಮರದ ಮೇಲಿನ ಗೊಲ್ಲಹುಡುಗ ಕೇಳುತ್ತಾನೆ: ಸುಟ್ಟ ಹಣ್ಣು ಬೇಕೋ, ಸುಡದ ಹಣ್ಣು ಬೇಕೋ? ಹಣ್ಣನ್ನು ಸುಡುವುದುಂಟೆ ಎಂದುಕೊಂಡೇ ಆಕೆ ಸುಟ್ಟದ್ದನ್ನು ಕೇಳುತ್ತಾಳೆ. ಬಿದ್ದ ಹಣ್ಣಿಗೆ ಅಂಟಿದ ಮರಳನ್ನು ಊದಿದಾಗ, ಅಜ್ಜಿ, ಹಣ್ಣು ಅಷ್ಟು ಬಿಸಿಯಾಗಿದೆಯೆ ಎಂದು ಹುಡುಗ ನಗುತ್ತಾನೆ. ಹುಡುಗ ಮುರುಗ.

ನಮ್ಮಲ್ಲಿ ನೇರಳೆ ಒಂದು ಮನೆತನದ ಹೆಸರಾಗಿ ಬೆಳೆಯಿತು. ಚಿಕ್ಕದು ನಾಯಿನೇರಳೆ, ದಪ್ಪದು ಜಂಬುನೇರಳೆ, ಸಂಸ್ಕೃತದಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿದ ಒಂದೇ ಮಾತು. ಹೊರಗಿನಿಂದ ಬಂದ ಪನ್ನೇರಳೆಯನ್ನು ಕನ್ನಡಿಗರು ನೇರಳೆಯ ಒಂದು ಬಗೆಯೆಂದೇ ಎಣಿಸಿದರೆಂಬುದಕ್ಕೆ ಆ ಹೆಸರೇ ಸಾಕ್ಷಿ. ಪನ್ನೀರು ಎಂದರೆ ಗುಲಾಬ್, ನೇರಳೆ ಎಂದರೆ ಜಾಮುನ್. ಪನ್ನೇರಳೆಯನ್ನು ಪದಕ್ಕೆ ಪದವಿಟ್ಟು ಹಿಂದಿಗೆ ತಿರುಗಿಸಿದರೆ ಬರುವುದು ಗುಲಾಬ್‌ಜಾಮುನ್! ಉತ್ತರದಲ್ಲಿ ಆ ಹಣ್ಣಿಗೂ ಇದೇ ಹೆಸರುಂಟು, ಪಾಕದಲ್ಲಿ ಮುಳುಗಿದ ಸಿಹಿತಿಂಡಿಗೂ ಇದೇ ಹೆಸರು. ನಮ್ಮ ಮದುವೆಯ ಊಟದಲ್ಲಿ ಜಾಮೂನು ಬಡಿಸುವವನಿಗೆ ತಾನು ನೇರಳೆ ಬಡಿಸುತ್ತಿರುವೆನೆಂದು ಹೇಳಿದರೆ ನಂಬಲಾರ.

ಹಿಪ್ಪುನೇರಳೆಯ ಮಾತು ಬೇರೆ. ರೇಷ್ಮೆಹುಳುವಿನ ಆಹಾರವಾದ ಈ ಗಿಡ ನೇರಳೆಗೆ ಯಾವ ನಂಟೂ ಅಲ್ಲ. ಟಿಪ್ಪುವಿನ ಕಾಲದಿಂದ ಮೈಸೂರು ಸೀಮೆಯಲ್ಲಿ ರೇಷ್ಮೆಯ ಕಸುಬು ಹಬ್ಬಿತು. ಆ ಗಿಡದ ಕಪ್ಪು ಹಣ್ಣು ಹಿಪ್ಪಲಿಯ ಕಾಯಿಯಂತೆ ಉದ್ದನಾಗಿ ತರಿತರಿಯಾಗಿದೆ. ಹಿಪ್ಪಲಿಯೇ ಹಿಪ್ಪು ಆಯಿತೆಂದು ನನಗೆ ತೋರುತ್ತದೆ. ಇಂಗ್ಲಿಷಿನಲ್ಲಿ ಅದರ ಹೆಸರು ಮಲ್‌ಬೆರಿ. ವಿಜ್ಞಾನಿಗಳ ಲೆಕ್ಕದಲ್ಲಿ ಅದು ಬೆರಿ ಜಾತಿಯ ಹಣ್ಣಲ್ಲ. ಹೆಸರಿನಲ್ಲಿ ಬೆರಿ ಇಲ್ಲದ ನಮ್ಮ ನೇರಳೆ ಮಾತ್ರ ಅಪ್ಪಟ ಬೆರಿ.

ಕರಾವಳಿಯವರು ಮನೆ ಕಟ್ಟುವ ಮುರಕಲ್ಲಿಗೆ ಜಂಬಿಟ್ಟಿಗೆ ಎಂಬ ಹೆಸರಿದೆಯಷ್ಟೆ. ಕೊಂಕಣದಲ್ಲಿ ಅದೇ ಕಲ್ಲು ಜಾಂಭಾ. ಅದರ ಕೆಂಪು ನೇರಳೆಯ ಛಾಯೆಯನ್ನು ನೋಡಿದರೆ ಇಲ್ಲಿಯೂ ನಮ್ಮ ಹಣ್ಣೇ ಇದೆಯೆಂದು ನನ್ನ ಎಣಿಕೆ. 1807ರಲ್ಲಿ ಮಲಬಾರಿನ ಆ ಕಲ್ಲನ್ನು ವರ್ಣಿಸಿದ ಬುಕಾನನ್ ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಉಳಿಯಿತು, ಜಂಬು ಹೋಯಿತು. ಆದರೆ ಜಂಬು ಕಂಡಲ್ಲೆಲ್ಲ ನೇರಳೆಯನ್ನು ಹುಡುಕಬಾರದು. ಜಂಬುಕ ನರಿ, ಕೆರೆಯಂಚಿನ ಜಂಬು ಒಂದು ಹುಲ್ಲು, ಜಂಬದ ಕೋಳಿಯ ಜಂಬ ದಂಭದಿಂದ ಬಂದದ್ದು. ಮೈಸೂರಿನ ಜಂಬೂಸವಾರಿಯನ್ನು ಈ ಮರಕ್ಕೆ ಕಟ್ಟುವ ಗೋಜಿಗಂತೂ ನಾನು ಹೋಗುವುದಿಲ್ಲ. ಆನೇಕಲ್ಲಿನ ಬಳಿಯ ನೇರಳೂರು, ದಕ್ಷಿಣ ಕನ್ನಡದ ನೇರಳಕಟ್ಟೆಗಳ ವಿಷಯದಲ್ಲಿ ಮಾತ್ರ ಯಾವ ಸಂಶಯವೂ ಬೇಡ.

ಇನ್ನುಳಿದದ್ದು ಬಣ್ಣ. ಕಾಮನಬಿಲ್ಲಿನ ಏಳು ಬಣ್ಣಗಳಲ್ಲಿ ಒಂದು ತುದಿಯದಕ್ಕೆ ಇಂಗ್ಲಿಷರು ಒಂದು ಹೂವಿನ ಹೆಸರಿಟ್ಟರು. ಆ ಹೂವು ನಮ್ಮ ಬೇಲಿಗಳಲ್ಲಿ ಇಲ್ಲ. ಕನ್ನಡದಲ್ಲಿ ಪಾಠ ಬರೆದವರು ಅದನ್ನು ನೇರಳೆಯೆಂದರು. ಅದರಾಚೆಗಿನ, ಕಣ್ಣಿಗೆ ಕಾಣದ ಕಿರಣವನ್ನು ಅತಿನೇರಳೆ, ನೇರಳಾತೀತ ಎಂದರು. ಆ ಪಾರಿಭಾಷಿಕ ಶಬ್ದವನ್ನು ರೂಪಿಸಿದವರು ಮಕ್ಕಳನ್ನು ಬಲ್ಲವರಾಗಿರಬೇಕು. ನೇರಳೆ ಎಂದರೆ ಯಾವ ಬಣ್ಣವೆಂದು ಮೇಷ್ಟರು ಆಷಾಢದಲ್ಲಿ ಕೇಳಿದರೆ, ಹಿಂದಿನ ಬೆಂಚಿನ ಹುಡುಗ ನಾಲಗೆ ಚಾಚಿ ತೋರಿಸಿದರೂ ಸಾಕು.