ಕಾರ್ಮಿಕರ ನಷ್ಟಪರಿಹಾರ: ಸಾಲಿಗ್ರಾಮ–ಕುಂದಾಪುರ ಪ್ರದೇಶ

ದುಡಿಮೆಯ ಕಾರಣದಿಂದ ಮತ್ತು ದುಡಿಮೆಯ ಹೊತ್ತಿನಲ್ಲಿ ಒದಗಿದ ಗಾಯ, ಕಾಯಿಲೆ ಅಥವಾ ಸಾವಿಗೆ, ಮಾಲೀಕನ ತಪ್ಪನ್ನು ಸಾಬೀತುಪಡಿಸುವ ಹೊರೆಯನ್ನು ಕೆಲಸಗಾರನ ಮೇಲೆ ಹೊರಿಸದೆ, ಮಾಲೀಕನಿಂದ ಕಾನೂನು ಕೊಡಿಸುವ ಹಣವೇ ಕಾರ್ಮಿಕರ ನಷ್ಟಪರಿಹಾರ. ಜರ್ಮನಿ 1884ರಲ್ಲಿ ವಿಮೆಯ ರೂಪದಲ್ಲಿಯೂ ಬ್ರಿಟನ್ 1897ರಲ್ಲಿ ಮಾಲೀಕನ ನೇರ ಹೊಣೆಯ ರೂಪದಲ್ಲಿಯೂ ಒಪ್ಪಿಕೊಂಡ ಈ ತತ್ತ್ವ ಭಾರತಕ್ಕೆ ಬಂದುದು 1923ರ ಕಾಯಿದೆಯ ಮೂಲಕ. ಅದು 1924ರ ಜುಲೈ 1ರಂದು ಜಾರಿಗೆ ಬಂದಾಗ ಸಾಲಿಗ್ರಾಮ, ಕುಂದಾಪುರ, ಬೈಂದೂರುಗಳು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಇಲ್ಲಿಗೂ ನೇರವಾಗಿ ಅನ್ವಯಿಸಿತು.

ಯಂತ್ರಶಕ್ತಿಯ ಕಾರ್ಖಾನೆ, ಗಣಿ, ರೈಲುಗಳನ್ನು ಮುಖ್ಯವಾಗಿ ಕಣ್ಣಮುಂದಿಟ್ಟುಕೊಂಡು ರಚಿತವಾದ ಆ ಕಾಯಿದೆಗೆ ಕರಾವಳಿಯಲ್ಲಿ ಸರಿಯಾಗಿ ಹೊಂದಿಕೆಯಾಗುತ್ತಿದ್ದುದು ಹೆಂಚಿನ ಕಾರ್ಖಾನೆಯಂಥ ಉದ್ಯಮ ಮಾತ್ರ. ಹತ್ತಾರು ಮನೆಗಳ ಹಿತ್ತಲಲ್ಲಿ ಸರದಿಯಂತೆ ಕಾಯಿ ಕೊಯ್ಯುವವನಿಗೆ ಮಾಲೀಕ ಯಾರು ಎಂಬುದೇ ಇತ್ಯರ್ಥವಾಗದ ಪ್ರಶ್ನೆಯಾಗಿತ್ತು. ಮಾಲೀಕನ ವ್ಯಾಪಾರ-ವ್ಯವಹಾರಕ್ಕೆ ಸಂಬಂಧಿಸದ ತಾತ್ಕಾಲಿಕ ಕೆಲಸಕ್ಕೆ ಬಂದವರನ್ನು ಕಾರ್ಮಿಕರ ವ್ಯಾಖ್ಯೆಯಿಂದ ಹೊರಗಿಟ್ಟಿದ್ದ ಮಾತುಗಳನ್ನು 2000ದ ತಿದ್ದುಪಡಿ ತೆಗೆದುಹಾಕಿತಾದರೂ, ಕೆಲಸವು ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಹೆಸರಿಸಿದ ಬಗೆಯದಾಗಿರಬೇಕೆಂಬ ನಿಬಂಧನೆ ಉಳಿಯಿತು; ಅಲ್ಲಿ ತಾಳೆ ಜಾತಿಯ ಮರಗಳಿಂದ ಕಳ್ಳು ಇಳಿಸುವುದೂ ಮರ ಕಡಿಯುವುದೂ ಸ್ಪಷ್ಟವಾಗಿ ಇದ್ದವು. ಮಾಲೀಕನೇ ಇಲ್ಲದ ಕಡೆ ವಿಮೆಯೇ ಗತಿ ಎಂಬುದಕ್ಕೆ, ತೆಂಗಿನ ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿ ರೂಪಿಸಿದ ಕೇರ ಸುರಕ್ಷಾ ಯೋಜನೆ ನಿದರ್ಶನ.

ಅಂಗಹಾನಿಯನ್ನು ದೇಹದ ಲೆಕ್ಕದಲ್ಲಿ ಅಳೆಯಬೇಕೋ ಕಸುಬಿನ ಲೆಕ್ಕದಲ್ಲೋ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1975ರ ಡಿಸೆಂಬರ್‌ನಲ್ಲಿ ಉತ್ತರ ಕೊಟ್ಟಿತು: ಎಡಗೈ ಕಳೆದುಕೊಂಡ ಬಡಗಿಯೊಬ್ಬ ಒಂದೇ ಕೈಯಲ್ಲಿ ಮರಗೆಲಸ ಮಾಡಲಾರನಾದ್ದರಿಂದ ಅವನದು ಪೂರ್ಣ ಅಸಾಮರ್ಥ್ಯವೇ ಎಂದ ಈ ತೀರ್ಪು, ದೇಹಬಲದಿಂದಲೇ ಬದುಕುವ ಎಲ್ಲ ಕಸುಬಿನವರಿಗೂ ಕಾಯಿದೆಯ ಯಾವ ಕಲಮಿಗಿಂತಲೂ ಹೆಚ್ಚು ಬೆಲೆಯುಳ್ಳದ್ದೆನ್ನಬಹುದು. ಮೃತನ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಿ ಪರಿಹಾರ ಲೆಕ್ಕಹಾಕುವ ಕ್ರಮದಂತೆ, 30 ವರ್ಷದವನ ಗುಣಕ 207.98; 2020ರ ಜನವರಿಯಲ್ಲಿ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 8,000ದಿಂದ 15,000 ರೂಪಾಯಿಗೆ ಏರಿದ ಮೇಲೆ ಆ ವಯಸ್ಸಿನವನ ಕುಟುಂಬಕ್ಕೆ ದೊರೆಯಬಹುದಾದ ಗರಿಷ್ಠ ಮೊತ್ತ 15,59,850 ರೂಪಾಯಿಯಾಯಿತು.

ಕಾಯಿಲೆಯ ಪಾಡು ಬೇರೆ. ಕಲ್ಲುಕೋರೆ ಮತ್ತು ಜಲ್ಲಿ ಕ್ರಷರ್‌ಗಳ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲೇ ಗುರುತಿಸಲ್ಪಟ್ಟಿತ್ತು. ಅದು ತಲೆದೋರುವಷ್ಟರಲ್ಲಿ ಕೆಲಸಗಾರ ಹಲವು ಧಣಿಗಳ ಕೈಕೆಳಗೆ ದುಡಿದಿರುವುದರಿಂದ ಹೊಣೆಯನ್ನು ಅವರೆಲ್ಲರಲ್ಲಿ ಹಂಚಲು ಕಾನೂನಿನಲ್ಲಿ ಅವಕಾಶವಿದ್ದರೂ, ಹಾಜರಿ ಪುಸ್ತಕವೇ ಇಲ್ಲದ ಕಡೆ ಅದು ಕಾಗದದ ಮೇಲಿನ ಅವಕಾಶವಾಗಿಯೇ ಉಳಿಯುತ್ತದೆ.

ಹೋಟೆಲ್ ಕೆಲಸಕ್ಕೆಂದು ಬೆಂಗಳೂರು, ಮುಂಬಯಿ ಸೇರುವವರು ಹೇರಳವಾಗಿರುವ ಈ ಸೀಮೆಗೆ, ಅರ್ಜಿದಾರ ತಾನು ವಾಸಿಸುವ ಊರಿನ ವ್ಯಾಪ್ತಿಯ, ಪರಿಹಾರ ಇತ್ಯರ್ಥಪಡಿಸುವ ಆಯುಕ್ತರಲ್ಲೇ ಅರ್ಜಿ ಹಾಕಬಹುದೆಂದ 1995ರ ತಿದ್ದುಪಡಿ ನಿಜವಾದ ಅನುಕೂಲ ಒದಗಿಸಿತು. ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಕೆಲವು ಷರತ್ತುಗಳಿಗೆ ಒಳಪಟ್ಟು ಪರಿಹಾರಕ್ಕೆ ಅರ್ಹವೆಂದು ಹೇಳುವ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಯಾಗಿ ಹಳೆಯ ಕಾಯಿದೆಯ ಸ್ಥಾನ ಪಡೆಯಿತು. ಆದರೆ ಸಂಬಳದ ಬದಲು ಹಿಡಿದ ಮೀನಿನ ಹಣದಲ್ಲಿ ಪಾಲು ಪಡೆದು ಬೋಟು ಹತ್ತುವವನು ಕೆಲಸಗಾರನೋ ಪಾಲುದಾರನೋ ಎಂಬುದನ್ನು ಈಗಲೂ ಪ್ರಕರಣದಿಂದ ಪ್ರಕರಣಕ್ಕೆ ನಿರ್ಧರಿಸಬೇಕಾಗಿದ್ದು, ಕಡಲಲ್ಲಿ ಸತ್ತವರ ಮನೆಯವರು ಸಾಮಾನ್ಯವಾಗಿ ಮೊದಲು ಎದುರುನೋಡುವುದು ಮೀನುಗಾರಿಕೆ ಇಲಾಖೆಯ ಸಂಕಷ್ಟ ಪರಿಹಾರ ನಿಧಿಯನ್ನೇ.